ಎಡ ಚಕ್ರ ಮೇಲಕ್ಕೆ

ಜೂನ್ 3, ಮಂಗಳವಾರ

ಲ್ಯಾಬಿನವರು ಹೊಸ ವರ್ಷಕ್ಕೆ ಹಂಚಿದ ಡೈರಿ ಐದು ತಿಂಗಳು ಕಪಾಟಿನಲ್ಲಿ ಖಾಲಿ ಬಿದ್ದಿತ್ತು. ಇವತ್ತು ಬಿಡಿಸಿದೆ. ಅಣ್ಣ ಬೆಳಿಗ್ಗೆ ಫೋನ್ ಮಾಡಿ, "ಅಪ್ಪ ಹೇಗಿದಾನೆ?" ಎಂದ. "ಚೆನ್ನಾಗಿದಾನೆ" ಎಂದೆ. "ಬಾಯಿ ಮಾತಿಗೆ ಹೇಳ್ಬೇಡ, ನಿಜ ಹೇಳು" ಎಂದ. ಅವನಿಗೆ ಹೇಳಲಾಗದ್ದನ್ನು ಎಲ್ಲಾದರೂ ಹೇಳಿಕೊಳ್ಳಬೇಕಲ್ಲ, ಅದಕ್ಕೆ ಈ ಡೈರಿ. ಹೇಳುವಂಥದ್ದು ಏನೂ ಇಲ್ಲ ಎನ್ನುವುದು ಬೇರೆ ಮಾತು.

ಇವತ್ತು ಮೊದಲ ಮಳೆ. ಮನೆಮನೆಗೆ ಹೋಗಿ ರಕ್ತ ತೆಗೆದು ಲ್ಯಾಬಿಗೆ ಮುಟ್ಟಿಸುವವಳಿಗೆ ಮಳೆ ಎಂದರೆ ಗ್ರಹಚಾರ. ಬೆಳಿಗ್ಗೆ ಏಳರಿಂದ ಹತ್ತರೊಳಗೆ ಹನ್ನೊಂದು ಮನೆ. ಹಿಂದಿನ ಸೀಟಿನಲ್ಲಿ ರಕ್ತದ ಪೆಟ್ಟಿಗೆ, ಪಕ್ಕದ ಸೀಟಿನಲ್ಲಿ ಅಪ್ಪ. ಅಮ್ಮ ಹೋದ ಮೇಲೆ ಅಪ್ಪ ದಿನಾ ನನ್ನ ಜೊತೆ ಬರುತ್ತಾನೆ. ಒಬ್ಬನೇ ಕೂತರೆ ಬೇಜಾರು, ಅದಕ್ಕೆ. ಹಾಗಂತ ನಾನೇ ಎಲ್ಲರಿಗೂ ಹೇಳಿದ್ದೇನೆ.

ಕಾರು ಅಪ್ಪನದೇ. ನಾನು ಹುಟ್ಟುವುದಕ್ಕೆ ಆರು ವರ್ಷ ಮೊದಲು ಕೊಂಡದ್ದು. ಹಾಗಾಗಿ ಅದಕ್ಕೆ ಮನೆಯಲ್ಲಿ "ದೊಡ್ಡಕ್ಕ" ಎಂದೇ ಹೆಸರು. ನಾಲ್ಕು ಚಕ್ರಕ್ಕೂ ಹಳೇ ಕಾಲದ ಡ್ರಮ್ ಬ್ರೇಕು. ಬ್ರೇಕ್ ತುಳಿದರೆ ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಗಿನ, ಶೂ ಎನ್ನುವ ಎರಡು ಕಮಾನು ಪಟ್ಟಿಗಳು ಅಗಲವಾಗಿ ಡ್ರಮ್ಮನ್ನು ಒಳಗಿನಿಂದ ಹಿಡಿದುಕೊಳ್ಳಬೇಕು. ಒಳಗೆ ನೀರು ಹೋದರೆ ಹಿಡಿಯುವುದಿಲ್ಲ, ಜಾರುತ್ತವೆ. ನಮ್ಮ ರಸ್ತೆಯ ತುದಿಗೇ ರೈಲ್ವೆ ಸೇತುವೆ, ಅದರ ಕೆಳಗೆ ನಾಲ್ಕು ಹನಿ ಬಿದ್ದರೆ ಮೊಣಕಾಲುದ್ದ ನೀರು. ಅದನ್ನು ದಾಟಿದ ತಕ್ಷಣ ಇಳಿಜಾರು. ಇಳಿಜಾರಿನ ಬುಡದಲ್ಲಿ ಸಿಗ್ನಲ್. ಈ ರಸ್ತೆ ಮಾಡಿದವನು ಡ್ರಮ್ ಬ್ರೇಕಿನ ಮೇಲೆ ಯಾವ ಜನ್ಮದ ಹಗೆ ತೀರಿಸಿಕೊಂಡನೋ.

"ಎಡಗಾಲು ಇಡು" ಎಂದ ಅಪ್ಪ, ನೀರಿನಿಂದ ಮೇಲೆ ಬರುವಾಗ. ಬಲಗಾಲು ಆಕ್ಸಿಲರೇಟರ್ ಮೇಲೇ ಇರಬೇಕು, ಎಡಗಾಲಿನಿಂದ ಬ್ರೇಕನ್ನು ಮೆಲ್ಲಗೆ ಸವರುತ್ತಾ ನೂರು ಗಜ ಹೋಗಬೇಕು. ಉಜ್ಜಿ ಉಜ್ಜಿ ಶೂ ಬಿಸಿಯಾಗಿ ನೀರು ಆರುತ್ತದೆ. ಇದನ್ನು ನನಗೆ ಹದಿನೆಂಟನೇ ವರ್ಷದಲ್ಲಿ ಕಲಿಸಿದವನು ಅವನೇ. ನಲವತ್ತು ವರ್ಷ ಬಸ್ ಡಿಪೋದಲ್ಲಿ ಬ್ರೇಕ್ ಮೇಸ್ತ್ರಿಯಾಗಿದ್ದವನು. ಈಗಲೂ ನಾನು ಓಡಿಸುವಾಗ ಅವನ ಬಲಗಾಲು ಎದುರಿನ ತಗಡನ್ನು ತುಳಿಯುತ್ತಿರುತ್ತದೆ. ನಾನು ಬ್ರೇಕ್ ಹಾಕುವುದಕ್ಕಿಂತ ಅರ್ಧ ಕ್ಷಣ ಮೊದಲೇ. "ಅಲ್ಲಿ ಪೆಡಲ್ ಇಲ್ಲಪ್ಪಾ" ಎಂದರೆ, "ಇದ್ದಿದ್ರೆ ಚೆನ್ನಾಗಿತ್ತು" ಎನ್ನುತ್ತಾನೆ.

ಸಿಗ್ನಲ್ ಪಕ್ಕದ ಗೋಡೆಗೆ ಒರಗಿ ಕೊಡೆ ರಿಪೇರಿಯವನು ಇವತ್ತೇ ಸ್ಟೂಲ್ ಹಾಕಿಕೊಂಡು ಕೂತಿದ್ದ. "ಬಂತು ನೋಡಿ ಮೇಡಂ ನಮ್ ಕಾಲ" ಎಂದು ಹಲ್ಲು ಬಿಟ್ಟ. ನನ್ನ ಕಾಲ ಹೋಯಿತು ಎಂದೆ.

ಜೂನ್ 8, ಭಾನುವಾರ

ಮಳೆಗಾಲದಲ್ಲಿ ಕೆಸರು ಒಳಗೆ ಸೇರಿ ಶೂಗಳು ಬೇಗ ಸವೆಯುತ್ತವೆ. ಹಾಗಾಗಿ ಭಾನುವಾರಕ್ಕೊಮ್ಮೆ ಅಪ್ಪ ಮುಂದಿನ ಎರಡು ಚಕ್ರಗಳ ಬ್ರೇಕನ್ನು ಬಿಗಿ ಮಾಡುತ್ತಾನೆ. ಇದು ಪೂಜೆಗಿಂತ ಹೆಚ್ಚು. ಬೆಳಿಗ್ಗೆ ಒಂಬತ್ತಕ್ಕೆ ಚಾಪೆ, ಸ್ಕ್ರೂಡ್ರೈವರ್, ಟಾರ್ಚು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಚಕ್ರದ ಹಿಂದಿನ ತಟ್ಟೆಯಲ್ಲಿ ಒಂದು ತೂತು ಕಾಣುತ್ತದೆ. ಒಳಗೆ ಹಲ್ಲಿನ ಚಕ್ರ. ಸ್ಕ್ರೂಡ್ರೈವರ್ ತೂರಿಸಿ ಒಂದೊಂದೇ ಹಲ್ಲು ಜರುಗಿಸಿದರೆ ಶೂ ಡ್ರಮ್ಮಿನ ಹತ್ತಿರ ಬರುತ್ತದೆ. ವಾರಕ್ಕೆ ನಾಲ್ಕು ಹಲ್ಲು. ಆದರೆ ಎರಡೂ ಕಡೆ ಒಂದೇ ರೀತಿಯಲ್ಲ. ಬಲ ಚಕ್ರಕ್ಕೆ ಕೆಳಕ್ಕೆ ಒತ್ತಬೇಕು, ಎಡ ಚಕ್ರಕ್ಕೆ ಮೇಲಕ್ಕೆ. ಉಲ್ಟಾ ಮಾಡಿದರೆ ಬಿಗಿಯಾಗುವ ಬದಲು ಸಡಿಲ. ಚಿಕ್ಕಂದಿನಲ್ಲಿ ಟಾರ್ಚ್ ಹಿಡಿಯುವ ಕೆಲಸ ನನ್ನದು, "ಎಡ ಮೇಲಕ್ಕೆ, ಬಲ ಕೆಳಕ್ಕೆ" ಎಂದು ಮಗ್ಗಿಯಂತೆ ಹೇಳುತ್ತಿದ್ದೆ.

ಕಾರಿನ ಪುಸ್ತಕದ ಪ್ರಕಾರ ಚಕ್ರವನ್ನು ಜಾಕ್ ಹಾಕಿ ಎತ್ತಿ, ಕೈಯಲ್ಲಿ ತಿರುಗಿಸಿ ನೋಡಬೇಕು. ಅಪ್ಪ ನೋಡುವುದಿಲ್ಲ. "ಜಾಕ್ ಹಾಕೋದು ಕಲಿಯೋರಿಗೆ" ಎನ್ನುತ್ತಾನೆ. ಬರೀ ಟಿಕ್ ಟಿಕ್ ಶಬ್ದ ಎಣಿಸಿ ಎದ್ದು ಬರುತ್ತಾನೆ. ಡಿಪೋದಲ್ಲೂ ಹಾಗೇ ಅಂತೆ. ಅವನ ಕೈ ಹಾಕಿದ ಬಸ್ಸನ್ನು ಇನ್ನೊಬ್ಬರು ಮುಟ್ಟಿ ನೋಡುತ್ತಿರಲಿಲ್ಲವಂತೆ.

ಇವತ್ತು ಟೀ ಕೇಳಿದ, ಕೊಟ್ಟೆ. ಲೋಟ ಖಾಲಿ ಮಾಡಿ ಇನ್ನೂ ಕೈಯಲ್ಲಿ ಇಟ್ಟುಕೊಂಡೇ, "ಟೀ ಕೊಡ್ಲಿಲ್ವಲ್ಲ" ಎಂದ. ತಮಾಷೆಗೆ ಇರಬೇಕು.

ಜೂನ್ 11, ಬುಧವಾರ

ಪೆಡಲ್ ಸ್ವಲ್ಪ ಆಳಕ್ಕೆ ಹೋಗುತ್ತಿದೆ. ಬ್ರೇಕ್ ಹಾಕಿದರೆ ಕಾರು ಬಲಕ್ಕೆ ವಾಲುತ್ತದೆ, ಅಂದರೆ ಎದುರಿನಿಂದ ಬರುವ ಗಾಡಿಗಳ ಕಡೆಗೆ. ಎಡಗಡೆ ಡ್ರಮ್ಮಿಗೆ ಹೆಚ್ಚು ನೀರು ಹೋಗಿದೆ ಅಂತ ಕಾಣುತ್ತೆ. ಮಳೆ.

ಜೂನ್ 16, ಸೋಮವಾರ

ನಿನ್ನೆ ಅಪ್ಪ ಬ್ರೇಕ್ ಬಿಗಿ ಮಾಡಿದ್ದ. ಆದರೂ ಇವತ್ತು ಇಳಿಜಾರಿನಲ್ಲಿ ಪೆಡಲ್ ತುಳಿದರೆ ಹತ್ತಿಯ ಮೂಟೆ ತುಳಿದಂತಾಯಿತು. ಎರಡನೇ ಸಲ ತುಳಿದೆ, ಮೂರನೇ ಸಲ ತುಳಿದೆ, ಆಗ ಹಿಡಿಯಿತು. ಹಿಡಿದದ್ದು ಬಲಗಡೆ ಮಾತ್ರ. ಕಾರು ನಡುರಸ್ತೆಗೆ ಅಡ್ಡಡ್ಡ ಹೋಗಿ ನಿಂತಿತು. ಎದುರಿಗೆ ರೇನ್‌ಕೋಟ್ ಹಾಕಿದ ಏಳೆಂಟು ಶಾಲೆ ಮಕ್ಕಳು, ರಸ್ತೆ ದಾಟುತ್ತಿದ್ದವರು, ನನ್ನನ್ನೇ ನೋಡುತ್ತಾ ನಿಂತರು. ಒಂದು ಹುಡುಗಿ ಕೈಯೆತ್ತಿ ನನಗೆ ಟಾಟಾ ಮಾಡಿತು. ಸರ್ಕಸ್ ಎಂದುಕೊಂಡಿತೋ ಏನೋ.

ಅಪ್ಪನ ಕಾಲು ತಗಡಿನ ಮೇಲೇ ಇತ್ತು. "ನೀರು ಜಾಸ್ತಿ ಆಗಿದೆ" ಎಂದ. ನಾನೂ ಹೌದು ಎಂದೆ.

ಅಣ್ಣನಿಗೆ ಹೇಳಬಾರದಿತ್ತು, ಬಾಯಿ ತಪ್ಪಿ ಹೇಳಿಬಿಟ್ಟೆ. "ಗ್ಯಾರೇಜಿಗೆ ಹಾಕು, ಇಲ್ಲಾಂದ್ರೆ ಗುಜರಿಗೆ ಹಾಕು" ಎಂದ. ಹೇಳುವುದು ಸುಲಭ. ಬ್ರೇಕ್ ಮೇಸ್ತ್ರಿಯ ಕಾರನ್ನು ಬ್ರೇಕಿಗೆಂದು ಬೇರೆಯವರ ಹತ್ತಿರ ಒಯ್ಯುವುದೆಂದರೆ ಏನು ಅಂತ ಅವನಿಗೆ ಗೊತ್ತಿಲ್ಲವೇ? ಪೇಪರ್ ಓದುವುದನ್ನು ಅಪ್ಪ ಬಿಟ್ಟಿದ್ದಾನೆ. ಚದುರಂಗ ಬಿಟ್ಟಿದ್ದಾನೆ. ವಾರದ ಆರು ದಿನ ಭಾನುವಾರಕ್ಕೆ ಕಾಯುತ್ತಾನೆ. ಅದೊಂದನ್ನೂ ಕಿತ್ತುಕೊಂಡರೆ ಉಳಿಯುವುದೇನು? ಇದನ್ನೆಲ್ಲ ಅಣ್ಣನಿಗೆ ಹೇಳಲಿಲ್ಲ. "ಮಳೆಗೆ ಹಾಗಾಗುತ್ತೆ" ಎಂದೆ.

ಜೂನ್ 17, ಮಂಗಳವಾರ

ಎರಡು ಸಲ ಒತ್ತಿ ತುಳಿದರೆ ಸಾಕು, ನಿಲ್ಲುತ್ತದೆ. ಮುಂದಿನ ಗಾಡಿಗೆ ಮೂರು ಕಾರಿನ ಅಂತರ ಬಿಟ್ಟರೆ ಆಯಿತು. ಇದರಲ್ಲಿ ದೊಡ್ಡ ವಿಷಯ ಏನೂ ಇಲ್ಲ.

ಜೂನ್ 22, ಭಾನುವಾರ

ಇವತ್ತು ನಾನೇ ಟಾರ್ಚ್ ಹಿಡಿಯುತ್ತೇನೆ ಎಂದು ಹೋಗಿ ಕೂತೆ. ಬಲ ಚಕ್ರ ಸರಿಯಾಗಿ ಮಾಡಿದ. ಕೆಳಕ್ಕೆ, ನಾಲ್ಕು ಟಿಕ್. ಆಮೇಲೆ ಈಚೆ ಬಂದು ಎಡ ಚಕ್ರದ ತೂತಿಗೆ ಸ್ಕ್ರೂಡ್ರೈವರ್ ತೂರಿಸಿದ. ಕೆಳಕ್ಕೆ ಒತ್ತಿದ. ಟಿಕ್. ಮತ್ತೆ ಕೆಳಕ್ಕೆ. ಟಿಕ್. ಟಿಕ್. ಟಿಕ್.

ಬಾಯಿವರೆಗೆ ಬಂದದ್ದು ಬಾಯಲ್ಲೇ ಉಳಿಯಿತು. ಅವನ ಮುಖ ಎಷ್ಟು ನೆಮ್ಮದಿಯಾಗಿತ್ತು ಎಂದರೆ, ಹೇಳಿದ್ದರೆ ಮಲಗಿದ ಮಗುವನ್ನು ಎಬ್ಬಿಸಿದಂತಾಗುತ್ತಿತ್ತು. ಕೈ ಒರೆಸಿಕೊಂಡು, "ಇನ್ನು ಒಂದ್ ವಾರ ಚಿಂತೆ ಇಲ್ಲ ಪುಟ್ಟಿ" ಎಂದ. ನನಗೆ ನಲವತ್ತಾರು, ಇನ್ನೂ ಪುಟ್ಟಿ.

ಹಾಗಾದರೆ ಎರಡು ವಾರದಿಂದ ನಾನು ಮಳೆಯನ್ನು ಬೈದದ್ದು ದಂಡ. ಆ ಮಕ್ಕಳ ರೇನ್‌ಕೋಟುಗಳು ಕಣ್ಣ ಮುಂದೆ ಬಂದವು.

ಊಟವಾಗಿ ಅವನು ಮಲಗಿದ ಮೇಲೆ ಅಂಗಳಕ್ಕೆ ಹೋದೆ. ಜಾಕ್ ಹಾಕಿ ಎಡ ಚಕ್ರ ಎತ್ತಿದೆ. ಮೇಲಕ್ಕೆ, ಮೇಲಕ್ಕೆ, ಚಕ್ರ ಬಿಗಿದು ನಿಲ್ಲುವವರೆಗೆ. ಆಮೇಲೆ ಸ್ವಲ್ಪ ಹಿಂದಕ್ಕೆ. ಕೈಯಲ್ಲಿ ತಿರುಗಿಸಿದರೆ ಸಣ್ಣಗೆ ಉಜ್ಜುವ ಸದ್ದು ಬರಬೇಕು, ಬಂತು. ಒಂದು ಗಂಟೆ ಹಿಡಿಯಿತು. ಸೀರೆಯೆಲ್ಲ ಗ್ರೀಸು. ಒಗೆಯಲು ನೆನೆಹಾಕಿ, ಅವನು ಏಳುವುದರೊಳಗೆ ಟೀ ಇಟ್ಟೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇಷ್ಟು ಸುಲಭವಿತ್ತು.

ಜೂನ್ 23, ಸೋಮವಾರ

ಗೆರೆ ಎಳೆದಂತೆ ನೇರ ನಿಂತಿತು. "ನೋಡಿದ್ಯಾ?" ಎಂದ ಅಪ್ಪ. "ನಿನ್ ಕೈಗೆ ಸಾಟಿ ಇಲ್ಲಪ್ಪಾ" ಎಂದೆ. ದಾರಿಯುದ್ದಕ್ಕೂ ಶಿಳ್ಳೆ ಹಾಕಿದ. ಎಷ್ಟು ದಿನವಾಗಿತ್ತು ಅದನ್ನು ಕೇಳಿ. ಖುಷಿಗೆ ಅಳು ಬಂತು, ವೈಪರ್ ಹಾಕಿದೆ.

ಜುಲೈ 6, ಭಾನುವಾರ

ಈಗ ಜಾಕ್ ಬೇಕಾಗುವುದಿಲ್ಲ. ಹೋದ ಭಾನುವಾರವೇ ಲೆಕ್ಕ ಸಿಕ್ಕಿತು. ಅವನು ಎಡಗಡೆ ನಾಲ್ಕು ಹಲ್ಲು ಉಲ್ಟಾ ತಿರುಗಿಸಿರುತ್ತಾನೆ. ಅದನ್ನು ಸರಿ ಮಾಡಲು ನಾಲ್ಕು, ವಾರದ ಸವೆತಕ್ಕೆ ನಾಲ್ಕು, ಒಟ್ಟು ಎಂಟು ಮೇಲಕ್ಕೆ. ಚಾಪೆ ಹಾಸಿ, ಎಣಿಸಿ, ಎದ್ದು ಬಂದರೆ ಹತ್ತು ನಿಮಿಷ. ಬ್ರೇಕ್ ಮೇಸ್ತ್ರಿಯ ಮಗಳಲ್ಲವೇ.

ಇದೊಂದೇ ಅಲ್ಲ. ಅವನು ಹಾಕಿದ ಚಿಲಕವನ್ನು ಇನ್ನೊಮ್ಮೆ ಹಾಕುತ್ತೇನೆ. ಅವನು ನಿಲ್ಲಿಸಿದ ನಲ್ಲಿಯನ್ನು ಇನ್ನೊಮ್ಮೆ ತಿರುಗಿಸುತ್ತೇನೆ. ಅವನು ಡಬ್ಬಿಗೆ ಹಾಕಿಕೊಂಡ ಮಾತ್ರೆಗಳನ್ನು ಸುರಿದು ನಾನೇ ಮತ್ತೆ ಜೋಡಿಸುತ್ತೇನೆ. ಸರಿ ಇದೆಯೋ ಎಂದು ನೋಡುವುದಕ್ಕೂ ಹೋಗುವುದಿಲ್ಲ, ನೋಡಿ ಮಾಡುವಷ್ಟರಲ್ಲಿ ಮಾಡಿಯೇ ಮುಗಿಯುತ್ತದೆ.

ಮೊನ್ನೆ ಹೆಡ್‌ಮಿಸ್ ಮನೆಯಲ್ಲಿ ಸಣ್ಣ ಕಿರಿಕಿರಿ. ನಿವೃತ್ತ ಮುಖ್ಯೋಪಾಧ್ಯಾಯಿನಿ, ಸಕ್ಕರೆ ಕಾಯಿಲೆ, ತಿಂಗಳಿಗೆರಡು ಸಲ ರಕ್ತ. ಮಳೆ ಎಂದು ಅಪ್ಪನನ್ನೂ ಒಳಗೆ ಕರೆದರು. "ನಿದ್ದೆ ಚೆನ್ನಾಗಿ ಬರುತ್ತಾ ನಿಮಗೆ?" ಎಂದು ಅವನನ್ನು ಕೇಳಿದರು. "ಬರುತ್ತೆ, ಒಂಬತ್ತಕ್ಕೇ ಮಲಗ್ತಾರೆ" ಎಂದೆ ನಾನು. "ಊಟ?" ಎಂದರು. "ಚೆನ್ನಾಗಿ ಮಾಡ್ತಾರೆ" ಎಂದೆ. ಹೆಡ್‌ಮಿಸ್ ಕನ್ನಡಕದ ಮೇಲಿಂದ ನೋಡಿದರು. "ಅವರ ಬಾಯಲ್ಲಿ ನಾಲಿಗೆ ಇದೆಯಮ್ಮ, ನಾನು ಅವರನ್ನ ಕೇಳಿದ್ದು." ನಿವೃತ್ತರಾದರೂ ಕೋಲು ಕೈಯಲ್ಲೇ ಇದೆ. ಅಪ್ಪ ಎದ್ದು ಒಬ್ಬನೇ ಕಾರಿಗೆ ಹೋಗಿ ಕೂತ.

ಜುಲೈ 13, ಭಾನುವಾರ

ಇವತ್ತು ನನಗೆ ಲ್ಯಾಬಿನಲ್ಲಿ ಡ್ಯೂಟಿ ಬಿತ್ತು. ಮಧ್ಯಾಹ್ನ ಬಂದಾಗ ಅಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಬಟ್ಟೆಯೆಲ್ಲ ಒದ್ದೆ, ಹಣೆಗೆ ಗ್ರೀಸು, ಮುಖ ಮಾತ್ರ ಪರೀಕ್ಷೆ ಬರೆದು ಬಂದ ಹುಡುಗನದು. ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ ಹಿಡಿಯಿತಂತೆ.

"ಇವತ್ತು ಸರಿಯಾಗಿ ಮಾಡಿದೀನಿ ಪುಟ್ಟಿ. ಬೇಕಾದ್ರೆ ನೀನೇ ನೋಡು."

"ಆಯ್ತಪ್ಪಾ" ಎಂದೆ.

"ನೋಡು ಅಂದೆ."

"ನೋಡ್ತೀನಿ, ಮೊದ್ಲು ಬಟ್ಟೆ ಬದಲಾಯ್ಸು, ಶೀತ ಆಗುತ್ತೆ."

ಜಾಕ್ ಅಂಗಳದಲ್ಲೇ ಮಳೆಯಲ್ಲಿ ಬಿದ್ದಿತ್ತು. ಅದನ್ನು ಯಾಕೆ ಹೊರಗೆ ತೆಗೆದನೋ ದೇವರೇ ಬಲ್ಲ. ತೆಗೆದದ್ದನ್ನು ತೆಗೆದಲ್ಲಿ ಇಡುವ ಅಭ್ಯಾಸ ಈಗೀಗ ಇಲ್ಲ. ಒರೆಸಿ ಡಿಕ್ಕಿಯೊಳಗೆ ಇಟ್ಟೆ. ಅವನು ಮಲಗಿದ ಮೇಲೆ, ಮಳೆ ಒಂದಿಷ್ಟು ಬಿಡುವು ಕೊಟ್ಟಾಗ, ಚಾಪೆ ಹಾಸಿ ಎಂಟು ಹಲ್ಲು ಮೇಲಕ್ಕೆ ಹಾಕಿದೆ. ಕೊನೆಯ ಎರಡು ಬಿಗಿಯಾಗಿ ಬಂದವು. ಮಳೆಗೆ ತುಕ್ಕು ಹಿಡಿದಿರಬೇಕು.

ಜುಲೈ 16, ಬುಧವಾರ

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಇಬ್ಬರೂ ಬದುಕಿದ್ದೇವೆ. ಮೊದಲು ಅದು.

ಸೋಮವಾರ ಬೆಳಿಗ್ಗೆ ಜಡಿಮಳೆ. ಅಂಗಳದಿಂದ ಹೊರಡುವಾಗಲೇ ಕಾರು ಭಾರವಾಗಿ ಎಳೆಯಿತು. "ಗಾಡಿ ಹಿಡೀತಿದೆ" ಎಂದ ಅಪ್ಪ. "ಕೆಸರಪ್ಪಾ" ಎಂದೆ. ಮೊದಲ ಎರಡು ಮನೆ ನಮ್ಮ ಬಡಾವಣೆಯಲ್ಲೇ ಇದ್ದವು, ಸುತ್ತು ಹಾಕಿ ಮುಗಿಸಿದೆ. ಸೇತುವೆಯ ಕಡೆ ತಿರುಗುವಾಗ ಅಪ್ಪ ಮೂಗು ಅರಳಿಸಿದ.

"ಸುಟ್ಟ ವಾಸನೆ. ಎಡಗಡೆ ಚಕ್ರದ್ದು. ನಿಲ್ಸು, ಮುಟ್ಟಿ ನೋಡ್ತೀನಿ."

"ಬೇಕರಿ ವಾಸನೆ ಅಪ್ಪಾ."

ಬೇಕರಿ ಎಂದೆ. ನಲವತ್ತು ವರ್ಷ ಆ ವಾಸನೆಯಲ್ಲೇ ಅನ್ನ ಸಂಪಾದಿಸಿದವನಿಗೆ ಬೇಕರಿ ಎಂದೆ. ನನಗೂ ವಾಸನೆ ಬಂದಿತ್ತು. ಅವನು ಹೇಳಿದ್ದರಿಂದಲೇ ಅದು ಸುಟ್ಟ ವಾಸನೆಯಲ್ಲ ಎನ್ನಿಸಿತು.

ಸೇತುವೆಯ ಕೆಳಗಿನ ನೀರಿಗೆ ಇಳಿದೊಡನೆ ಎಡಗಡೆಯಿಂದ ಸುಂಯ್ ಎಂದು ಬಿಳಿ ಹೊಗೆ ಎದ್ದಿತು, ಕಾದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ. "ನಿಲ್ಸು ಅಂದ್ನಲ್ಲಾ!" ಎಂದು ಅಪ್ಪ ಕೂಗಿದ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ನೀರಿನ ನಡುವೆ ಹೇಗೆ ನಿಲ್ಲಿಸಲಿ? ದಾಟಿ ಇಳಿಜಾರಿಗೆ ಬಂದೆ. ಎಡಗಾಲು ಇಟ್ಟು ಆರಿಸಲು ನೋಡಿದೆ, ಇಟ್ಟ ಕೂಡಲೇ ಕಾರು ಎಡಕ್ಕೆ ಜಗ್ಗಿತು, ಹೆದರಿ ಕಾಲು ತೆಗೆದೆ. ಸಿಗ್ನಲ್ ಕೆಂಪಾಯಿತು. ತುಳಿದೆ. ಬಲ ಚಕ್ರ ನೀರು ಕುಡಿದಿತ್ತು, ಹಿಡಿಯಲೇ ಇಲ್ಲ. ಎಡ ಚಕ್ರ ಕಾದು ಒಣಗಿತ್ತು, ಕಚ್ಚಿ ಹಿಡಿಯಿತು. ಸ್ಟಿಯರಿಂಗ್ ನನ್ನ ಕೈಯಿಂದ ಕಿತ್ತುಕೊಂಡು ಹೋಯಿತು. ಗೋಡೆ ಬಂತು.

ಗೋಡೆ ಬರುವ ಮೊದಲು ಅಪ್ಪನ ಬಲಗೈ ನನ್ನ ಎದೆಗೆ ಅಡ್ಡ ಬಂತು. ಚಿಕ್ಕಂದಿನಲ್ಲಿ ಮುಂದಿನ ಸೀಟಿನಲ್ಲಿ ಕೂತಾಗ ಹಾಗೇ ಹಿಡಿಯುತ್ತಿದ್ದ. ಎಡಗೈಯನ್ನು ಎದುರಿನ ಹಲಗೆಗೆ ಊರಿದ್ದ. ಮುರಿದದ್ದು ಅದು, ಮಣಿಕಟ್ಟಿನಲ್ಲಿ ಎರಡು ಕಡೆ. ನನಗೆ ತರಚಿದ ಗಾಯ ಕೂಡ ಇಲ್ಲ.

ಬಾನೆಟ್ಟಿನ ಕೆಳಗೆ ಕೊಡೆಯವನ ಸ್ಟೂಲು ಪುಡಿಯಾಗಿತ್ತು. ಸುತ್ತ ಕೊಡೆಯ ಕಡ್ಡಿಗಳು. ನಾನು ಕಾರಿನಿಂದ ಇಳಿಯಲಿಲ್ಲ, ಇಳಿದು ನೋಡುವ ಧೈರ್ಯ ಬರಲಿಲ್ಲ. ಆಮೇಲೆ ರಸ್ತೆಯ ಆಚೆಯಿಂದ ಅವನೇ ಓಡಿ ಬಂದ, ಕೈಯಲ್ಲಿ ಟೀ ಲೋಟ. ಟೀ ಅರ್ಧ ಚೆಲ್ಲಿತ್ತು. "ಒಂದ್ ಟೀ ಮೇಡಂ" ಎಂದ. "ಒಂದ್ ಟೀ ನನ್ ಉಳಿಸ್ತು." ಅದನ್ನೇ ನಾಲ್ಕು ಸಲ ಹೇಳಿದ. ನಾನು ಅವನ ಕಾಲು ಹಿಡಿಯಬೇಕಿತ್ತು, ರಕ್ತದ ಪೆಟ್ಟಿಗೆ ಎಲ್ಲಿ ಎಂದು ಹುಡುಕುತ್ತಿದ್ದೆ.

ಎಡ ಚಕ್ರ ಯಾಕೆ ಅಷ್ಟು ಬಿಗಿಯಾಯಿತು? ಎಂಟು ಹಲ್ಲು ಮಾತ್ರ ಹಾಕಿದ್ದೆ. ಈಗ ಆ ಲೆಕ್ಕಕ್ಕೆ ಹೋಗುವುದಿಲ್ಲ, ತಲೆ ನೋಯುತ್ತಿದೆ.

ಜುಲೈ 18, ಶುಕ್ರವಾರ

ಅಪ್ಪನನ್ನು ಮನೆಗೆ ಕರೆತಂದೆವು. ಎಡಗೈಗೆ ಮೊಣಕೈವರೆಗೆ ಪ್ಲಾಸ್ಟರ್. ಕಾರನ್ನು ಎಳೆಸಿಕೊಂಡು ಹೋದ ಗ್ಯಾರೇಜಿನವನನ್ನು ಅಣ್ಣ ಜೊತೆಯಲ್ಲೇ ಕರೆತಂದಿದ್ದ. ನಡುಮನೆಯಲ್ಲಿ ಎಲ್ಲರೂ ಕೂತಿದ್ದೆವು.

"ಎಡಗಡೆ ಮುಂದಿನ ಚಕ್ರ ಕೈಯಲ್ಲಿ ತಿರುಗ್ತಾನೇ ಇಲ್ಲ ಸಾರ್" ಎಂದ ಗ್ಯಾರೇಜಿನವನು. "ಯಾರೋ ಅಡ್ಜಸ್ಟರ್ ಹಲ್ಲನ್ನ ಹಿಗ್ಗಾಮುಗ್ಗಾ ಬಿಗಿದಿದಾರೆ. ಒಳಗೆ ಎಲ್ಲಾ ಸುಟ್ಟು ಕರಕಲು. ಇದನ್ನ ಮಾಡಿದೋರು ಯಾರು?"

ನಾನು ಟೀ ಲೋಟಗಳನ್ನು ಎತ್ತಿಕೊಳ್ಳುತ್ತಿದ್ದೆ. ಬಾಯಿ ತೆರೆದೆ ಎಂದೇ ನನ್ನ ನೆನಪು.

"ನಾನೇ" ಎಂದ ಅಪ್ಪ.

ಅಪ್ಪ ಪ್ಲಾಸ್ಟರ್ ಕೈಯನ್ನೇ ನೋಡುತ್ತಿದ್ದ. "ಸರಿಯಾಗೇ ಮಾಡಿದ್ದೆ ಅಂತ ಇತ್ತು ತಲೇಲಿ. ತಲೇಲಿ ಇರೋದೆಲ್ಲ ನಿಜ ಅಲ್ಲ ಈಗ. ಪುಟ್ಟೀನ ಕೊಂದ್ಬಿಡ್ತಿದ್ದೆ ನಾನು."

ಅಣ್ಣ ಅವನ ಬೆನ್ನ ಮೇಲೆ ಕೈಯಿಟ್ಟ. "ಇನ್ಮೇಲೆ ಅದೆಲ್ಲ ಮುಟ್ಬೇಡ ಬಿಡಪ್ಪಾ" ಎಂದ. "ಇಲ್ಲ, ಮುಟ್ಟಲ್ಲ" ಎಂದ ಅಪ್ಪ. ನಾನು ಲೋಟಗಳನ್ನು ಅಡುಗೆಮನೆಗೆ ಒಯ್ದು ತೊಳೆದೆ. ತೊಳೆದವುಗಳನ್ನು ಇನ್ನೊಮ್ಮೆ ತೊಳೆದೆ.

ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಯಾವತ್ತಾದರೂ ಅವನು ನಿಲ್ಲಿಸಲೇಬೇಕಿತ್ತು. ಯಾರೂ ಹೇಳದೆ ಅವನೇ ಬಿಟ್ಟನಲ್ಲ.

ಜುಲೈ 20, ಭಾನುವಾರ

ಒಂಬತ್ತು ಗಂಟೆಗೆ ಚಾಪೆ ಮೂಲೆಯಲ್ಲೇ ಇತ್ತು. ಅಪ್ಪ ಕಿಟಕಿಯ ಪಕ್ಕ ಕೂತಿದ್ದ. ಅವನ ಟೂಲ್ ಬಾಕ್ಸನ್ನು ಅಟ್ಟಕ್ಕೆ ಹಾಕೋಣವೆಂದು ತೆರೆದೆ, ಒದ್ದೆಯಾಗಿದ್ದರೆ ಒರೆಸಬೇಕಲ್ಲ. ಸ್ಪ್ಯಾನರುಗಳ ಕೆಳಗೆ ಒಂದು ರಟ್ಟಿನ ತುಂಡು. ಮಾತ್ರೆಯ ಡಬ್ಬಿ ಹರಿದು ಮಾಡಿದ್ದು. ಅವನ ಕೈಬರಹ, ಅಕ್ಷರ ಅಲ್ಲಲ್ಲಿ ಮೇಲೆ ಕೆಳಗೆ. ಎರಡು ಚಕ್ರದ ಚಿತ್ರ, ಎರಡು ಬಾಣ.

"ಎಡ ಮೇಲಕ್ಕೆ. ಬಲ ಕೆಳಕ್ಕೆ. ನಾಲ್ಕು ಹಲ್ಲು. ಹಲ್ಲು ಎಣಿಸಿ ನಂಬಬೇಡ, ಜಾಕ್ ಹಾಕು. ಪುಟ್ಟಿಗೆ ಹೇಳಬೇಡ, ಹೆದರುತ್ತಾಳೆ."

ಅದರ ಕೆಳಗೆ ಬೇರೆ ಪೆನ್ನಿನಲ್ಲಿ: "ಜುಲೈ 13. ಜಾಕ್ ಹಾಕಿ ಎರಡೂ ಚಕ್ರ ತಿರುಗಿಸಿ ನೋಡಿದೆ. ಸರಿ ಇದೆ."

ಅವನು ಸರಿಯಾಗಿ ಬಿಗಿದದ್ದರ ಮೇಲೆ ನಾನು ಇನ್ನೂ ಎಂಟು ಹಲ್ಲು ಬಿಗಿದಿದ್ದೆ. ನಮ್ಮ ಲ್ಯಾಬಿನ ಗೋಡೆಯ ಮೇಲೆ "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ದೊಡ್ಡದಾಗಿ ಬರೆದಿದೆ. ಹತ್ತು ವರ್ಷದಿಂದ ಗೊತ್ತಿರುವ ಹೆಡ್‌ಮಿಸ್‌ರನ್ನೂ ಪ್ರತಿ ಸಲ ಹೆಸರು ಕೇಳಿಯೇ ಸೂಜಿ ಚುಚ್ಚುತ್ತೇನೆ. ಜಾಕ್ ಕೈಯಲ್ಲೇ ಇತ್ತಲ್ಲ ನನ್ನ. ಒರೆಸಿ ಒಳಗೆ ಇಟ್ಟೆನಲ್ಲ. ನೋಡು ಎಂದು ಎರಡು ಸಲ ಹೇಳಿದನಲ್ಲ.

ಹಿಂದೆ ಅಪ್ಪನ ಹೆಜ್ಜೆ ಕೇಳಿತು. ರಟ್ಟನ್ನು ಸೆರಗಿನೊಳಗೆ ಸೇರಿಸಿದ್ದು ಯಾವಾಗ ಎಂದು ನನಗೇ ತಿಳಿಯಲಿಲ್ಲ.

"ಅದ್ರಲ್ಲಿ ಒಂದು ರಟ್ಟು ಇತ್ತಾ ಪುಟ್ಟಿ? ಏನೋ ಬರ್ದಿಟ್ಟಿದ್ದೆ ಅನ್ಸುತ್ತೆ. ಅದನ್ನ ನೋಡಿದ್ರೆ ಗೊತ್ತಾಗ್ತಿತ್ತು, ನಾನು ಎಲ್ಲಿ ತಪ್ಪಿದೆ ಅಂತ."

"ಇಲ್ವಲ್ಲಪ್ಪಾ. ಒದ್ದೆ ಆಗಿ ಹಾಳಾಗಿರ್ಬೇಕು, ಮಳೆ ನೋಡು ಹೇಗಿತ್ತು."

"ಹೌದೌದು" ಎಂದ. "ಮಳೆ." ಬಾಗಿಲ ಕಡೆ ತಿರುಗಿ, "ಬರೀಲೇ ಇಲ್ವೇನೋ" ಎಂದು ತನಗೆ ತಾನೇ ಹೇಳಿಕೊಂಡು ಹೋದ.

ಪ್ಲಾಸ್ಟರ್ ಬಿಚ್ಚಲಿ, ಹೇಳುತ್ತೇನೆ. ಈಗ ನೋವಿನಲ್ಲಿದ್ದಾನೆ.

ಆಗಸ್ಟ್ 26, ಮಂಗಳವಾರ

ದೊಡ್ಡಕ್ಕ ಗ್ಯಾರೇಜಿನಿಂದ ಬಂದು ಮೂರು ದಿನವಾಯಿತು. ಮುಖಕ್ಕೆ ಹೊಸ ಬಣ್ಣ, ಒಳಗೆ ಹೊಸ ಶೂ. ಅಪ್ಪನ ಪ್ಲಾಸ್ಟರ್ ಬಿಚ್ಚಿ ವಾರವಾಯಿತು. ಇವತ್ತು ಮತ್ತೆ ಜೊತೆಗೆ ಬಂದ. ನಾನೇ ಬೆಲ್ಟ್ ಹಾಕಿದೆ, ಬಾಗಿಲನ್ನು ಇನ್ನೊಮ್ಮೆ ಎಳೆದು ನೋಡಿದೆ.

ಸೇತುವೆಯ ಕೆಳಗೆ ನೀರು. ದಾಟಿ ಮೇಲೆ ಬಂದಾಗ ಎಡಗಾಲು ಇಡು ಎನ್ನುತ್ತಾನೇನೋ ಎಂದು ಕಾದೆ, ಎನ್ನಲಿಲ್ಲ. ನಾನೇ ಇಟ್ಟೆ. ಕೊಡೆಯವನು ಹೊಸ ಸ್ಟೂಲನ್ನು ರಸ್ತೆಯ ಆಚೆ ಬದಿಗೆ ಹಾಕಿಕೊಂಡಿದ್ದಾನೆ, ನಮ್ಮ ಕಾರು ಕಂಡೊಡನೆ ಎದ್ದು ನಿಂತ. ಸಿಗ್ನಲ್ ಕೆಂಪಾಯಿತು. ತುಳಿದೆ. ಕಾರು ಗೆರೆ ಎಳೆದಂತೆ ನೇರ ನಿಂತಿತು.

ಅಪ್ಪನ ಕಾಲಿನ ಕಡೆ ನೋಡಿದೆ. ಎರಡು ಪಾದಗಳೂ ಹಿಂದಕ್ಕೆ, ಸೀಟಿಗೆ ಅಂಟಿಕೊಂಡಂತೆ ಜೋಡಿಸಿಟ್ಟಿದ್ದವು. ಪರರ ಮನೆಯ ಕುರ್ಚಿಯಲ್ಲಿ ಕೂತವರ ಹಾಗೆ. ತಗಡಿನ ಮೇಲೆ ಅವನ ಬೂಟು ಇಷ್ಟು ವರ್ಷ ಉಜ್ಜಿದ ಜಾಗ ಹೊಳೆಯುತ್ತಿತ್ತು.

"ಬ್ರೇಕ್ ಹೇಗಿದೆ ಅಪ್ಪಾ?" ಎಂದೆ.

"ನಂಗೇನ್ ಗೊತ್ತಾಗುತ್ತಮ್ಮ" ಎಂದ. ಪುಟ್ಟಿ ಎನ್ನಲಿಲ್ಲ. "ನೀನೇ ನೋಡ್ಕೋ."

ರಟ್ಟು ಈ ಡೈರಿಯ ಜುಲೈ 13ರ ಪುಟದಲ್ಲಿದೆ. ಇವತ್ತು ಹೇಳಬೇಕೆಂದೇ ಹೊರಟಿದ್ದೆ. ಆಗಲಿಲ್ಲ. ಮಳೆ ತುಂಬ ಜೋರಿತ್ತು.